ಡೋಣಿಯ ದಂಡೆಯಲ್ಲಿ ವಾಸಿಸುವವರು
(ಆದಿಕಾಂಡ 13ನೇ ಅಧ್ಯಾಯ)



ಅಬ್ರಾಮನೂ ಲೋಟನೂ ಬೇರೆಯಾಗುವ ಹೊತ್ತಿನಲ್ಲಿ ಲೋಟನು ನೀರು ಸಮೃದ್ಧವಾಗಿದ್ದ ತಗ್ಗುಸೀಮೆಯನ್ನು ಆರಿಸಿಕೊಂಡನು. ಇದಕ್ಕಾಗಿ ಬೋಧಕರಾದ ನಾವು ಅವನನ್ನು ಆಶೆಬುರುಕನೆಂದು ಎಷ್ಟೋ ಸಾರಿ ಖಂಡಿಸಿದ್ದೇವೆ. ಡೋಣಿಯ ದಂಡೆಯವರ ಮುಂದೆ ನಿಂತು ಹಾಗನ್ನಲು ಮಾತ್ರ ನಮಗೆ ಬಾಯಿ ಬಾರದು.

ಜತ್ತ ಸೀಮೆಯಲ್ಲಿ ಹುಟ್ಟಿ, ತಿಕೋಟಾ ಬಬಲೇಶ್ವರ ತಾಲೂಕುಗಳ ಎರೆಭೂಮಿಯಲ್ಲಿ ಹರಿದು, ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಉಪ್ಪು, ಕುಡಿಯಲು ಬಾರದು. ಆದರೂ ಜನರು ಅದರ ಬಳಿಯಲ್ಲಿಯೇ ನೆಲೆಸಿದರು. ಯಾಕಂದರೆ ಡೋಣಿಯ ಎರೆಮಣ್ಣಿನಷ್ಟು ಬಿಳಿಜೋಳವನ್ನು ಬೇರೆ ಮಣ್ಣು ಕೊಡದು. ಆ ಬೆಳೆ ಬಂದ ವರುಷ ಓಣಿಓಣಿಗೂ ಕಾಳೆಂದು ಹಿರಿಯರು ಹೇಳುವದು ಇದಕ್ಕೇ. ವಿಜಯಪುರ ಪಟ್ಟಣವಾದರೋ ಕಲ್ಲುನೆಲದ ಎತ್ತರದಲ್ಲಿ ಇದೆ. ಅಲ್ಲಿ ಹೊಳೆಯ ಭಯವಿಲ್ಲ. ಆದರೆ ಕುಡಿಯುವ ನೀರಿಗಾಗಿ ಆದಿಲಶಾಹಿ ಅರಸರು ತೊರವಿಯಿಂದ ಸುರಂಗವನ್ನೇ ತೋಡಿಸಬೇಕಾಯಿತು. ಅರಸನಿಗೆ ಆದದ್ದು ಒಕ್ಕಲಿಗನಿಗೆ ಆದೀತೋ?

2009ನೇ ಇಸವಿಯ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ, ಹಿಂಗಾರಿ ಬಿತ್ತನೆಯ ಕಾಲಕ್ಕೇ, ಸುರಿದ ಮಳೆಯನ್ನು ನೀವು ಮರೆತಿಲ್ಲ. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರು ಸತ್ತರು. ಅನೇಕರನ್ನು ಕೊಂದದ್ದು ಹೊಳೆಯಲ್ಲ, ಅವರವರ ಮನೆಯೇ. ಮಣ್ಣಿನ ಗೋಡೆಯೂ ಮಣ್ಣು ಹೊದಿಸಿದ ಮಾಳಿಗೆಯೂ ಬೇಸಿಗೆಯಲ್ಲಿ ತಂಪು. ದಿನಗಟ್ಟಲೆ ಜಡಿಮಳೆ ಹಿಡಿದರೆ ನೆನೆದು, ಭಾರವಾಗಿ, ಮಲಗಿದವರ ಮೇಲೆ ಕುಸಿಯುತ್ತವೆ. ಯೋಬನು ತನ್ನ ಮಕ್ಕಳನ್ನು ಕಳಕೊಂಡದ್ದೂ ಹೀಗೆಯೇ ಅಲ್ಲವೇ?

ಬಳಿಕ ಸರಕಾರವು ‘ಆಸರೆ’ ಎಂಬ ಯೋಜನೆಯಿಂದ ದಾನಿಗಳ ನೆರವು ಪಡೆದು ಎತ್ತರದ ಸ್ಥಳಗಳಲ್ಲಿ ಮನೆಗಳನ್ನು ಕಟ್ಟಿಸಿತು. ಬಹಳ ಮಂದಿ ಹೋಗಲಿಲ್ಲ. ಹೋದವರಲ್ಲಿಯೂ ಕೆಲವರು ತಿರುಗಿ ಬಂದರು. ಆಗ ನಾವು ಅವರನ್ನು ಮೂಢರೆಂದು ಎಣಿಸಿದೆವು. ಅವರ ಕಟ್ಟೆಯ ಮೇಲೆ ಕುಳಿತು ಕೇಳಿದ ಮೇಲೆ ನಾಚಿದೆವು. ಎತ್ತು ಕಟ್ಟಲು ಸ್ಥಳವಿಲ್ಲ, ಕಣಿಕೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ. ಪ್ರವಾಹವು ಕೆಲವು ವರುಷಕ್ಕೊಮ್ಮೆ ಬರುವದು, ಎತ್ತಿನ ಹಸಿವೆ ದಿನಾಲು ಬರುವದು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಹಳೇ ಕೊಲ್ಹಾರದವರಿಗಾದರೋ ಹೀಗೆ ಎಣಿಸಿ ನೋಡುವ ಅವಕಾಶವೂ ಇರಲಿಲ್ಲ.

ಆದರೆ ತಗ್ಗಿನಲ್ಲಿ ಇರುವವರೆಲ್ಲರೂ ಲೋಟನಂತೆ ಆರಿಸಿಕೊಂಡವರೋ? ಗೌಡರ ವಾಡೆಯು ದಿಬ್ಬದ ಮೇಲೆ, ಕೇರಿಯು ಹಳ್ಳದ ಮಗ್ಗುಲಿಗೆ; ಎಷ್ಟು ಊರುಗಳಲ್ಲಿ ಹೀಗಿಲ್ಲ? ನಮ್ಮ ಅಜ್ಜಂದಿರು ಆ ನೆಲವನ್ನು ಆರಿಸಲಿಲ್ಲ. ಬೇರೆಯವರು ಬೇಡವೆಂದು ಬಿಟ್ಟಲ್ಲಿ ಗುಡಿಸಲು ಹಾಕಿದರು. ಅಂಥವರ ಗೋಡೆ ಬಿದ್ದಾಗ ಇದು ಪಾಪದ ಫಲವೆಂದು ಹೇಳುವವರು ಲೂಕನ ಸುವಾರ್ತೆಯ 13ನೇ ಅಧ್ಯಾಯವನ್ನು ಓದಲಿ. ಸಿಲೋವದ ಬುರುಜಿನ ಕೆಳಗೆ ಸತ್ತ ಹದಿನೆಂಟು ಮಂದಿಯ ವಿಷಯದಲ್ಲಿ ಕರ್ತನು ಅಂಥ ಮಾತಿಗೆ ಎಡೆಗೊಡಲಿಲ್ಲ.

ಅಬ್ರಾಮನನ್ನು ನೋಡಿರಿ. ಅವನು ಹಿರಿಯನು, ವಾಗ್ದಾನ ಹೊಂದಿದವನು. ಆದರೂ ಆರಿಸುವ ಹಕ್ಕನ್ನು ಕಿರಿಯನಿಗೆ ಮೊದಲು ಕೊಟ್ಟನು. ಸಭೆಯಲ್ಲಿ ಎತ್ತರದ ನೆಲವುಳ್ಳವರು, ಪಟ್ಟಣದಲ್ಲಿ ಸಂಬಳದ ಕೆಲಸವುಳ್ಳವರು ಇದನ್ನು ಎರಡು ಸಾರಿ ಓದಬೇಕೆಂದು ನಾವು ಬೇಡುತ್ತೇವೆ. ಮನೆಯ ನಿವೇಶನಗಳ ಮಾತು ಪಂಚಾಯತಿಗೆ ಬಂದಾಗ ಕೇರಿಯ ವಿಧವೆಯ ಅರ್ಜಿಯನ್ನು ಬರೆದುಕೊಡಿರಿ. ದನದ ಕೊಟ್ಟಿಗೆಗೂ ಸ್ಥಳ ಬೇಕೆಂದು ಅದರಲ್ಲಿ ಸೇರಿಸಿರಿ.

ಡೋಣಿಯ ಪಾತ್ರದಲ್ಲಿ ಹೂಳು ತುಂಬಿದೆ. ದೊಡ್ಡ ಮಳೆಯಾದರೆ ನೀರು ಸಾರವಾಡದ ಸುತ್ತಲಿನ ಹೊಲಗಳ ಮೇಲೆ ಹರಡುವದು. ಆದಕಾರಣ ಹಸ್ತಾ ಮಳೆಗೆ ಮೊದಲೇ ದೇವಾಲಯದ ಬೀಗದಕೈ ಯಾರ ಬಳಿ ಇದೆಯೆಂದು ಕೇರಿಯವರಿಗೆಲ್ಲಾ ತಿಳಿಸಿರಿ. ರಾತ್ರಿಯಲ್ಲಿ ಬಾಗಿಲು ತಟ್ಟಿದವರು ಯಾವ ಮತದವರೆಂದು ಕೇಳಬೇಡಿರಿ. ಅವರ ಎಮ್ಮೆಯನ್ನೂ ಅಂಗಳದೊಳಗೆ ಬಿಡಿರಿ.