ಮುಂದಿನ ಭಾಗದ ಋಣ

ಒಂದೇ ಭಾಗದಲ್ಲಿ ಮುಗಿಯುವ ಕಥೆಗೆ ಒಂದು ಸೌಕರ್ಯ ಉಂಟು. ನಾಯಕನು ಗೆದ್ದೊಡನೆ ತೆರೆ ಬೀಳುತ್ತದೆ. ಗೆಲ್ಲುವುದಕ್ಕಾಗಿ ಅವನು ಏನೇನು ಮಾಡಿದನೋ ಅದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಸತ್ತ ಎದುರಾಳಿಗೆ ಮಕ್ಕಳಿದ್ದರೆ, ಹೆಂಡತಿಯಿದ್ದಳೆ, ಆ ಮನೆಯಲ್ಲಿ ಆ ರಾತ್ರಿ ದೀಪ ಹತ್ತಿತೆ ಎಂಬುದು ಕಥೆಗೆ ಬೇಡವಾದ ವಿಚಾರ. ಆದರೆ ಕಥೆಗಾರನು 'ಇನ್ನೊಂದು ಭಾಗ ಉಂಟು' ಎಂದನೆನ್ನಿ, ಈ ಸೌಕರ್ಯ ಅಲ್ಲಿಗೆ ತಪ್ಪಿತು. ಬಿದ್ದ ತೆರೆ ಮತ್ತೆ ಏಳುತ್ತದೆ. ಮಾಡಿದ್ದು ಎದುರಿಗೆ ಬಂದು ನಿಲ್ಲುತ್ತದೆ. ಆಗ ಕಥೆಗಾರನು ಯಾರಿಗೆ ಋಣಿ? ಮೆಚ್ಚಿ ಕೇಳಿದವರ ಆಸೆಗೋ, ಹಿಂದಿನ ಭಾಗದಲ್ಲಿ ನಡೆದುಹೋದ ಕೃತ್ಯಕ್ಕೋ?

ಈ ಮಾತನ್ನು ನಾನು ಎತ್ತುತ್ತಿರುವುದು ಕಾದಂಬರಿಯನ್ನು ಕುರಿತಲ್ಲ, ವಿಡಿಯೋ ಗೇಮುಗಳನ್ನು ಕುರಿತು. ಹಿರಿಯ ವಾಚಕರು ಹುಬ್ಬೇರಿಸಬಹುದು. ಆದರೆ ನಮ್ಮ ಬೋರಗಾಂವದಂಥ ಗಡಿಯ ಊರಿನಲ್ಲಿಯೂ ಹುಡುಗರು ಇವುಗಳ ಕಥೆಯನ್ನು ಬಲ್ಲರು. ದುಬಾರಿ ಯಂತ್ರ ಮನೆಯಲ್ಲಿಲ್ಲದವರು ಬೇರೆಯವರು ಆಡಿದ್ದನ್ನು ಯೂಟ್ಯೂಬಿನಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ನೋಡಿ, ಯಾವ ಪಾತ್ರ ಮಾಡಿದ್ದು ಸರಿ, ಯಾವುದು ತಪ್ಪು ಎಂದು ವಾದಕ್ಕೆ ಕೂಡುತ್ತಾರೆ. ಹರೆಯದವರು ಧರ್ಮಾಧರ್ಮಗಳ ಮಾತನ್ನು ತಾವಾಗಿಯೇ ಎಲ್ಲಿ ಆಡುತ್ತಾರೋ ಅಲ್ಲಿಗೆ ಹೋಗಿ ಕಿವಿಗೊಡುವುದು ಪಾಠ ಹೇಳುವವರಿಗೆ ತಕ್ಕುದೇ ಆಗಿದೆ.

ಭಾಗ ಭಾಗವಾಗಿ ಬರುವ ಈ ಆಟಗಳಲ್ಲಿ ಎರಡು ಪದ್ಧತಿಗಳನ್ನು ಕಾಣಬಹುದು. 1987ರಲ್ಲಿ ಜಪಾನಿನಲ್ಲಿ ಮೊದಲಾದ 'ಫೈನಲ್ ಫ್ಯಾಂಟಸಿ'ಯಲ್ಲಿ ಸಾಮಾನ್ಯವಾಗಿ ಪ್ರತಿ ಸಂಖ್ಯೆಗೂ ಹೊಸ ಲೋಕ, ಹೊಸ ಜನ. ಕೆಲವು ಹೆಸರುಗಳು, ಸವಾರಿಯ ಹಳದಿ ಹಕ್ಕಿಯಂಥ ಕೆಲವು ಗುರುತುಗಳು ಮಾತ್ರ ಮುಂದುವರಿಯುತ್ತವೆ. ವರ್ಷವರ್ಷವೂ ಹೊಸ ಮಣ್ಣಿನ ಗಣಪತಿಯನ್ನು ತಂದು ಕೂಡಿಸಿದ ಹಾಗೆ. ಹಬ್ಬ ಅದೇ, ಮೂರ್ತಿ ಬೇರೆ. ಇಲ್ಲಿ ಹಿಂದಿನದರ ಋಣವಿಲ್ಲ. ಎರಡನೆಯ ಪದ್ಧತಿಯಲ್ಲಿ ಅದೇ ಮನುಷ್ಯ, ಅದೇ ಲೋಕ, ಮಾಡಿದ್ದರ ಮುಂದಿನ ದಿನಗಳು. ನನ್ನ ಪ್ರಶ್ನೆ ಇರುವುದು ಈ ಎರಡನೆಯದರ ಬಗ್ಗೆ.

ಕನ್ನಡಿಗರಿಗೆ ಈ ಪದ್ಧತಿ ಹೊಸದೇನೂ ಅಲ್ಲ. ಪಂಪನು 941ರಲ್ಲಿ ಮುಗಿಸಿದ 'ಆದಿಪುರಾಣ'ದಲ್ಲಿ ಒಂದೇ ಜೀವವು ಮಹಾಬಲನಾಗಿ, ಲಲಿತಾಂಗನಾಗಿ, ವಜ್ರಜಂಘನಾಗಿ, ಹೀಗೆ ಭವದಿಂದ ಭವಕ್ಕೆ ನಡೆದು ಕೊನೆಗೆ ಆದಿನಾಥನಾಗುತ್ತದೆ. ಇದನ್ನೇ ಭವಾವಳಿ ಎನ್ನುತ್ತಾರೆ. ನಮ್ಮ ಜಿಲ್ಲೆಯ ಸವದತ್ತಿಯ ರಟ್ಟರ ಆಶ್ರಯದಲ್ಲಿದ್ದ ಪಾರ್ಶ್ವಪಂಡಿತನು 13ನೆಯ ಶತಮಾನದಲ್ಲಿ 'ಪಾರ್ಶ್ವನಾಥ ಪುರಾಣ'ವನ್ನು ಬರೆದನು. ಆ ತೀರ್ಥಂಕರನ ಕಥೆಯೂ ಭವಾವಳಿಯದೇ. ಜೈನ ಮನೆಗಳು ಬಹಳವಿರುವ ಈ ಸೀಮೆಯಲ್ಲಿ ಬಸದಿಯ ಪ್ರವಚನ ಕೇಳಿ ಬೆಳೆದ ಹುಡುಗನಿಗೆ, ಕಥೆ ಎಂದರೆ ಒಂದು ಜನ್ಮದಲ್ಲಿ ಮುಗಿಯದ ವಸ್ತು ಎಂಬುದು ಗೊತ್ತಿದ್ದ ಸಂಗತಿಯೇ. ಭವಾವಳಿಯ ನಿಯಮವೂ ಅವನಿಗೆ ಗೊತ್ತು. ದೇಹ ಹೋಗುತ್ತದೆ, ಊರು ಹೋಗುತ್ತದೆ, ಹೆಸರು ಹೋಗುತ್ತದೆ. ಮಾಡಿದ್ದು ಮಾತ್ರ ಹೋಗುವುದಿಲ್ಲ.

ಈ ನಿಯಮವನ್ನು ಅಕ್ಷರಶಃ ಪಾಲಿಸಹೊರಟ ಆಟವೊಂದು ಉಂಟು. ಕೆನಡಾದ ಬಯೋವೇರ್ ಸಂಸ್ಥೆ 2007, 2010 ಮತ್ತು 2012ರಲ್ಲಿ ಮೂರು ಭಾಗಗಳಾಗಿ ತಂದ 'ಮಾಸ್ ಎಫೆಕ್ಟ್'. ಸಾಮಾನ್ಯವಾಗಿ ಆಟದಲ್ಲಿ ಕೈತಪ್ಪಿದರೆ, ಹಿಂದೆ 'ಸೇವ್' ಮಾಡಿಟ್ಟ ಜಾಗಕ್ಕೆ ಮರಳಿ ಮತ್ತೆ ಆಡಬಹುದು. ಬಾಳಿನಲ್ಲಿಲ್ಲದ ಈ ಅನುಕೂಲದಿಂದ ಆಟದ ಕೃತ್ಯಕ್ಕೆ ತೂಕವೇ ಇಲ್ಲದಾಗುತ್ತದೆ. 'ಮಾಸ್ ಎಫೆಕ್ಟ್' ಈ ಸೇವನ್ನೇ ಉದ್ರಿಯ ವಹಿಯನ್ನಾಗಿ ಮಾಡಿತು. ಮೊದಲ ಭಾಗದಲ್ಲಿ ಯಾರನ್ನು ಉಳಿಸಿದಿರಿ, ಯಾರನ್ನು ಸಾಯಗೊಟ್ಟಿರಿ ಎಂಬ ಲೆಕ್ಕವು ಎರಡನೆಯ ಭಾಗಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸಾಗುತ್ತದೆ. ರೆಕ್ಸ್ ಎಂಬ ಸಂಗಾತಿಯು ಮೊದಲ ಭಾಗದಲ್ಲಿಯೇ ಸತ್ತಿದ್ದರೆ, ಮುಂದೆ ಅವನ ಜಾಗದಲ್ಲಿ ಅವನಷ್ಟು ವಿವೇಕವಿಲ್ಲದ ಇನ್ನೊಬ್ಬನು ನಾಯಕನಾಗಿ ಕುಳಿತಿರುತ್ತಾನೆ. ಮೂರು ವರ್ಷ ಹಿಂದೆ ಒಂದು ಗುಂಡಿ ಒತ್ತಿ ಮರೆತದ್ದು ಇಂದು ಕಣ್ಣೆದುರು ಕೂತಿದೆ. ಕರ್ಮಸಿದ್ಧಾಂತವನ್ನು ಇಷ್ಟು ಸರಳವಾಗಿ ತೋರಿಸಿಕೊಡುವ ಯಂತ್ರ ಇನ್ನೊಂದು ಇರಲಾರದು.

ಆದರೆ 2012ರಲ್ಲಿ ಮೂರನೆಯ ಭಾಗ ಮುಗಿಯುವಾಗ ಆಟಗಾರರು ಸಿಡಿದೆದ್ದರು. ಇಷ್ಟು ವರ್ಷ ಜತನದಿಂದ ಬರೆದುಕೊಂಡು ಬಂದ ವಹಿಯನ್ನು ಕೊನೆಗೆ ಮಡಚಿಟ್ಟು, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಮುಕ್ತಾಯವನ್ನು ಕೊಟ್ಟರು ಎಂಬುದು ಅವರ ದೂರು. ಅದೇ ವರ್ಷದ ಜೂನ್ ತಿಂಗಳಲ್ಲಿ ಸಂಸ್ಥೆಯು ಮುಕ್ತಾಯವನ್ನು ಹಿಗ್ಗಿಸಿ, ವಿವರಣೆ ಸೇರಿಸಿ, ಹಣವಿಲ್ಲದೆ ಹಂಚಬೇಕಾಯಿತು. ಈ ದೂರನ್ನು ನಾನು ಮಕ್ಕಳ ಹಟವೆಂದು ತಳ್ಳಿಹಾಕಲಾರೆ. ಅವರು ಸುಖಾಂತವನ್ನು ಬೇಡಲಿಲ್ಲವೆಂದಲ್ಲ, ಬೇಡಿದವರೂ ಇದ್ದರು. ಆದರೆ ದೂರಿನ ಸಾರವಿಷ್ಟು: ನಾವು ಮಾಡಿದ್ದಕ್ಕೆ ಫಲ ಬೇಕು. ಇದು ನ್ಯಾಯದ ಬೇಡಿಕೆ.

ಇನ್ನೊಂದು ಆಟದ ಮಾತು ಇದಕ್ಕಿಂತ ಕಠಿಣವಾದದ್ದು. 2013ರ 'ದಿ ಲಾಸ್ಟ್ ಆಫ್ ಅಸ್'ನಲ್ಲಿ ರೋಗದಿಂದ ಹಾಳಾದ ಅಮೆರಿಕದ ಉದ್ದಕ್ಕೂ ಜೋಯೆಲ್ ಎಂಬವನು ಎಲಿ ಎಂಬ ಹುಡುಗಿಯನ್ನು ಕರೆದೊಯ್ಯುತ್ತಾನೆ. ಮಗಳನ್ನು ಕಳೆದುಕೊಂಡ ಅವನಿಗೆ ಈಕೆಯೇ ಮಗಳಾಗುತ್ತಾಳೆ. ಎಲಿಯ ಮೆದುಳಿನಿಂದ ರೋಗಕ್ಕೆ ಮದ್ದು ಸಿಗಬಹುದು, ಆದರೆ ಆಕೆ ಉಳಿಯಲಾರಳು ಎಂದು ವೈದ್ಯರು ಹೇಳಿದಾಗ, ಜೋಯೆಲನು ಶಸ್ತ್ರವೈದ್ಯನನ್ನು ಕೊಂದು ಹುಡುಗಿಯನ್ನು ಎತ್ತಿಕೊಂಡು ಬರುತ್ತಾನೆ; ಎಚ್ಚತ್ತ ಆಕೆಗೆ ಸುಳ್ಳು ಹೇಳುತ್ತಾನೆ. ಕಥೆ ಅಲ್ಲಿಗೆ ನಿಂತಿದ್ದರೆ ತಂದೆಯ ಮಮತೆಯ ಕಥೆಯಾಗಿ ಉಳಿಯುತ್ತಿತ್ತು. 2020ರಲ್ಲಿ ಎರಡನೆಯ ಭಾಗ ಬಂತು. ಆ ವೈದ್ಯನಿಗೂ ಒಬ್ಬ ಮಗಳಿದ್ದಳು, ಹೆಸರು ಆ್ಯಬಿ. ಆಟದ ಆರಂಭದಲ್ಲಿಯೇ ಆಕೆ ಜೋಯೆಲನನ್ನು ಕೊಲ್ಲುತ್ತಾಳೆ. ಎಲಿ ಸೇಡಿಗೆ ಹೊರಡುತ್ತಾಳೆ. ನಡುವೆ ಆಟವು ನಮ್ಮ ಕೈಯಿಂದ ಎಲಿಯನ್ನು ಕಸಿದು ಆ್ಯಬಿಯನ್ನು ಕೊಡುತ್ತದೆ. ಯಾರನ್ನು ದ್ವೇಷಿಸುತ್ತಿದ್ದೆವೋ ಅವಳಾಗಿಯೇ ನಡೆದಾಡಬೇಕು, ಅವಳ ಗೆಳೆಯರನ್ನು ಕಾಣಬೇಕು.

ಬಹು ಮಂದಿ ಆಟಗಾರರು ಕೆರಳಿದರು. ಆ್ಯಬಿಗೆ ಕಂಠ ಕೊಟ್ಟ ನಟಿಗೆ ಬೆದರಿಕೆಯ ಪತ್ರಗಳು ಬಂದವು. ಜೋಯೆಲನಿಗೆ ಇಂಥ ಸಾವು ತರುವುದು ಮೊದಲ ಭಾಗಕ್ಕೆ ಬಗೆದ ದ್ರೋಹ ಎಂದವರು ಹಲವರು. ನನ್ನ ಎಣಿಕೆ ಬೇರೆ. ದ್ರೋಹವಾಗುತ್ತಿದ್ದುದು ಆ ವೈದ್ಯನ ಸಾವನ್ನು ಮರೆತಿದ್ದರೆ. ಮುಂದಿನ ಭಾಗವು ಮೊದಲನೆಯದನ್ನು ಅಳಿಸಲಿಲ್ಲ. ಅದರ ಪೂರ್ತಿ ಲೆಕ್ಕವನ್ನು ಓದಿ ಹೇಳಿತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕು. ಆಟಗಾರನು ಹೇಳಬಹುದು: 'ಮೊದಲ ಭಾಗದಲ್ಲಿ ನನಗೆ ಆಯ್ಕೆಯೇ ಇರಲಿಲ್ಲ. ವೈದ್ಯನನ್ನು ಕೊಲ್ಲದೆ ಆಟ ಮುಂದೆ ಸಾಗದು. ಆಯ್ಕೆ ಕೊಡದೆ ನನ್ನ ಕೈಯಿಂದ ಮಾಡಿಸಿ, ಏಳು ವರ್ಷದ ಮೇಲೆ ನನ್ನನ್ನೇ ಅಪರಾಧಿಯನ್ನಾಗಿ ನಿಲ್ಲಿಸುವುದು ಯಾವ ನ್ಯಾಯ?' ಮಾತಿನಲ್ಲಿ ಸತ್ಯವಿದೆ. ಆದರೆ ಜೈನಶಾಸ್ತ್ರವು ಕರ್ಮಕ್ಕೆ ಮೂರು ಬಾಗಿಲುಗಳನ್ನು ಹೇಳುತ್ತದೆ: ಕೃತ, ಕಾರಿತ, ಅನುಮತ; ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿ ತಲೆದೂಗಿದ್ದು. ಆಟಗಾರನು ಮೊದಲನೆಯ ಬಾಗಿಲಿನಿಂದ ಬಿಡುಗಡೆ ಪಡೆಯಬಹುದು. ಗುಂಡಿ ಅವನದು, ಹೂಟ ಇನ್ನೊಬ್ಬರದು. ಮೂರನೆಯ ಬಾಗಿಲಿನ ಮಾತೇನು? ಜೋಯೆಲನು ಹುಡುಗಿಯನ್ನು ಎತ್ತಿಕೊಂಡು ಹೊರಬಂದಾಗ ನೆಮ್ಮದಿಯ ಉಸಿರು ಬಿಟ್ಟವರು ಯಾರು? ಆ ಉಸಿರನ್ನು ಯಂತ್ರ ಬಿಡಿಸಲಿಲ್ಲ. ಕೃತ್ಯವನ್ನು ಮೆಚ್ಚಿ ಫಲವನ್ನು ಮಾತ್ರ ಬೇಡವೆನ್ನುವುದು ನಮ್ಮೆಲ್ಲರ ಹಳೆಯ ಚಾಳಿ. ಹತ್ತಿರದವರ ಪರವಾಗಿ ನಡೆದ ಅನ್ಯಾಯಕ್ಕೆ ಒಳಗೊಳಗೆ ತಲೆದೂಗಿ, ಅದರ ಬಿಸಿ ತಟ್ಟಿದಾಗ 'ನಾನೇನು ಮಾಡಿದೆ?' ಎನ್ನುವವರು ಪರದೆಯ ಮುಂದೆ ಮಾತ್ರ ಇರುವವರಲ್ಲ.

ಹಾಗಾದರೆ ಸೇಡಿಗೆ ಸೇಡು ಎಂಬುದೇ ಮುಂದಿನ ಭಾಗಗಳ ಗತಿಯೆ? ಇದಕ್ಕೆ ಪಾರ್ಶ್ವನಾಥನ ಭವಾವಳಿಯನ್ನು ನೋಡಬೇಕು. ಪೋದನಪುರದ ಮಂತ್ರಿಯ ಮಕ್ಕಳು ಕಮಠ, ಮರುಭೂತಿ. ತಮ್ಮನ ಹೆಂಡತಿಗೆ ಕೈಯಿಕ್ಕಿದ ಕಮಠನನ್ನು ರಾಜನು ಊರಿನಿಂದ ಓಡಿಸುತ್ತಾನೆ. ಅಣ್ಣನ ಕ್ಷಮೆ ಕೇಳಲು ಹೋದ ಮರುಭೂತಿಯ ತಲೆಯ ಮೇಲೆ ಕಮಠನು ಬಂಡೆ ಎತ್ತಿಹಾಕುತ್ತಾನೆ. ಅಲ್ಲಿಂದ ಹಗೆ ಭವದಿಂದ ಭವಕ್ಕೆ ಹರಿಯುತ್ತದೆ. ಮರುಭೂತಿ ಆನೆಯಾದರೆ ಕಮಠನು ಸರ್ಪವಾಗಿ ಕಚ್ಚುತ್ತಾನೆ. ಅವನು ಚಕ್ರವರ್ತಿಯಾಗಿ ಹುಟ್ಟಿ ಮುನಿಯಾದರೆ ಇವನು ಬೇಡನಾಗಿ ಬಾಣ ಬಿಡುತ್ತಾನೆ. ಮತ್ತೊಂದು ಭವದಲ್ಲಿ ಸಿಂಹವಾಗಿ ಸೀಳುತ್ತಾನೆ. ಕೊನೆಗೆ ಧ್ಯಾನಸ್ಥನಾದ ಪಾರ್ಶ್ವನಾಥನ ಮೇಲೆ ಶಂಬರನೆಂಬ ದೇವನಾಗಿ ಬಿರುಮಳೆ, ಬಂಡೆಗಳನ್ನು ಸುರಿಸುತ್ತಾನೆ.

ಈ ಕಥೆಯ ಬೆಳವಣಿಗೆಯನ್ನು ಆಟಗಳ ಬೆಳವಣಿಗೆಯ ಪಕ್ಕದಲ್ಲಿಡಿ. ಆಟದ ಮಾಲಿಕೆಯಲ್ಲಿ ಭಾಗ ಹೋದಂತೆ ಎದುರಾಳಿಯ ಬಲ ಹೆಚ್ಚುತ್ತದೆ. ಅದಕ್ಕೆ ಸರಿಯಾಗಿ ನಾಯಕನ ಆಯುಧವೂ ಹೆಚ್ಚುತ್ತದೆ. ಭವಾವಳಿಯಲ್ಲಿಯೂ ಕಮಠನ ಆಯುಧ ಕಲ್ಲಿನಿಂದ ನಂಜಿಗೆ, ನಂಜಿನಿಂದ ಬಾಣಕ್ಕೆ, ಕೊನೆಗೆ ಆಕಾಶದ ಮಳೆಗೆ ಬೆಳೆಯಿತು. ಆದರೆ ನಾಯಕನ ಆಯುಧ ಕಡಿಮೆಯಾಗುತ್ತ ಬಂತು. ಆನೆಯ ಬಲವಿತ್ತು, ಬಿಟ್ಟ. ಚಕ್ರವರ್ತಿಯ ಸೇನೆಯಿತ್ತು, ಬಿಟ್ಟ. ಕೊನೆಯ ಭವದಲ್ಲಿ ಮೈಮೇಲೆ ಬಟ್ಟೆಯೂ ಇಲ್ಲ. ಎದುರಾಳಿ ದೊಡ್ಡವನಾಗಿದ್ದು ಬಲದಿಂದ, ನಾಯಕನು ದೊಡ್ಡವನಾಗಿದ್ದು ಬಿಡುವುದರಿಂದ. ಕಡೆಗೆ ಶಂಬರನೂ ಪಶ್ಚಾತ್ತಾಪದಿಂದ ಬಾಗುತ್ತಾನೆ. ಮುಂದಿನ ಭಾಗಕ್ಕೆ ಸಾಮಗ್ರಿಯೇ ಉಳಿಯದಂತೆ ಕಥೆ ಮುಗಿಯುತ್ತದೆ. ಇದಲ್ಲವೆ ನಿಜವಾದ ಮುಕ್ತಾಯ? 2020ರ ಆಟದ ಕೊನೆಯಲ್ಲಿ ಎಲಿಯೂ ನೀರಿನಲ್ಲಿ ಮುಳುಗಿಸಿ ಹಿಡಿದ ಆ್ಯಬಿಯನ್ನು ಬಿಟ್ಟುಬಿಡುತ್ತಾಳೆ. ಅಷ್ಟರಲ್ಲಿ ಎರಡು ಬೆರಳು ಹೋಗಿವೆ; ಜೋಯೆಲನು ಕಲಿಸಿದ ಗಿಟಾರನ್ನು ಮೊದಲಿನಂತೆ ನುಡಿಸಲಾರಳು. ಭವಗಳ ದಾರಿಯನ್ನು ಅವಳು ಒಂದೇ ಬಾಳಿನಲ್ಲಿ, ಬಹಳ ಬೆಲೆ ತೆತ್ತು, ಒಂದು ಹೆಜ್ಜೆ ನಡೆದಳು.

ಇನ್ನೊಬ್ಬರ ಕೈಗೆ ಬಂದ ಕಥೆಯ ಋಣ ಇನ್ನೂ ಸೂಕ್ಷ್ಮವಾದದ್ದು. 'ಹೇಲೋ' ಎಂಬ ಆಟವನ್ನು ಕಟ್ಟಿದ ಬಂಗೀ ಸಂಸ್ಥೆ ಬಿಟ್ಟುಹೋದ ಮೇಲೆ, 2012ರ ನಾಲ್ಕನೆಯ ಭಾಗವನ್ನು ಬೇರೆ ಸಂಸ್ಥೆ ಮಾಡಿತು. ನಮ್ಮಲ್ಲಿ 9ನೆಯ ಶತಮಾನದಲ್ಲಿಯೇ ಇಂಥದು ನಡೆದಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ 'ಮಹಾಪುರಾಣ'ದ 42 ಪರ್ವಗಳನ್ನು ಮುಗಿಸಿ ತೀರಿಕೊಂಡರು. ಪಂಪನಿಗೆ ಆಧಾರವಾದ ಗ್ರಂಥವಿದು. ಶಿಷ್ಯರಾದ ಗುಣಭದ್ರರು ಉಳಿದದ್ದನ್ನು ಎತ್ತಿಕೊಂಡರು. ಕಬ್ಬಿನಂತೆ ಇದರ ಮೊದಲರ್ಧ ರಸವತ್ತಾಗಿದೆ, ಉಳಿದರ್ಧ ಹೇಗಾದರೂ ಆಗಲಿ, ಆರಂಭಿಸುತ್ತೇನೆ ಎಂಬರ್ಥದ ಮಾತನ್ನು ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಕಬ್ಬು ಬೆಳೆಯುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುಡ ಸಿಹಿ, ತುದಿ ಸಪ್ಪೆ. ಆದರೆ ಮತ್ತೆ ನೆಡಬೇಕಾದರೆ ರೈತನು ತುದಿಯ ಕಣ್ಣನ್ನೂ ಆರಿಸುತ್ತಾನೆ ಎಂಬುದನ್ನು ಮರೆಯಬಾರದು. ಮುಂದುವರಿಸುವವನಿಗೆ ಸಲ್ಲುವ ಗುಣ ಈ ವಿನಯ. ಹಿಂದಿನವನ ರಸವನ್ನು ಮೀರುವ ಹಟ ಬೇಡ. ಅವನು ಬಿಟ್ಟುಹೋದ ಕಣ್ಣು ಚಿಗುರಿದರೆ ಸಾಕು.

ಆಟದ ಸಂಸ್ಥೆಗಳು ಮುಂದಿನ ಭಾಗವನ್ನು ತರುವುದು ಹಣಕ್ಕಾಗಿ ಎಂದು ನೀವು ಹೇಳಬಹುದು. ಇರಲಿ. ಹಣಕ್ಕಾಗಿ ತೆರೆದ ವಹಿಯಲ್ಲಿಯೂ ಲೆಕ್ಕ ಸರಿಯಾಗಿರಬೇಕಷ್ಟೆ. ನಾವು ಕೇಳಬೇಕಾದ್ದು ಒಂದೇ: ಹಿಂದಿನಿಂದ ಏನನ್ನು ಹೊತ್ತು ತಂದಿರಿ? ಗೆಲುವನ್ನು ಮಾತ್ರವೋ, ಗೆಲುವಿಗೆ ಬಿದ್ದವರ ನೆನಪನ್ನೂ ತಂದಿರೋ?

ಹೊತ್ತು ತರತಕ್ಕದ್ದು ಹಗೆಯೊಂದೇ ಅಲ್ಲ ಎಂಬುದಕ್ಕೂ ಆದಿಪುರಾಣದ ಕಥೆಯಲ್ಲಿ ಸಾಕ್ಷಿ ಇದೆ. ದೀಕ್ಷೆ ಪಡೆದ ಆದಿನಾಥನು ಆಹಾರಕ್ಕಾಗಿ ಊರೂರು ನಡೆದಾಗ ಜನ ಆನೆ, ಕುದುರೆ, ಒಡವೆಗಳನ್ನು ತಂದರು. ಮುನಿಗೆ ಅನ್ನ ನೀಡುವ ಬಗೆ ಲೋಕಕ್ಕೆ ತಿಳಿದಿರಲಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಅವನನ್ನು ಕಂಡೊಡನೆ ಹಿಂದಿನ ಭವದ ನೆನಪಾಯಿತು. ಆಗ ಇವನು ಶ್ರೀಮತಿ, ಆತನು ವಜ್ರಜಂಘ. ಇಬ್ಬರೂ ಕೂಡಿ ಅಡವಿಯಲ್ಲಿ ಮುನಿಗಳಿಗೆ ಆಹಾರ ಕೊಟ್ಟಿದ್ದರು. ಆ ನೆನಪಿನ ಬಲದಿಂದ ಶ್ರೇಯಾಂಸನು ಕಬ್ಬಿನ ಹಾಲನ್ನು ನೀಡಿದನು. ಆ ದಿನವೇ ಅಕ್ಷಯ ತೃತೀಯೆ. ಎಷ್ಟೋ ಭಾಗಗಳ ಹಿಂದೆ ಮಾಡಿದ ಒಂದು ಸಣ್ಣ ಒಳ್ಳೆಯ ಕೆಲಸ ಇಡೀ ಲೋಕ ದಾರಿ ಕಾಣದೆ ನಿಂತಾಗ ಕೈಹಿಡಿಯಿತು. ಮುಂದಿನ ಭಾಗ ಬರೆಯುವವರು ಕೊಲೆಯ ಲೆಕ್ಕ ಇಡುವುದನ್ನು ಕಲಿತಿದ್ದಾರೆ, ಸಂತೋಷ. ಒಂದು ಬೊಗಸೆ ರಸದ ಲೆಕ್ಕವನ್ನೂ ಅಷ್ಟೇ ನಿಷ್ಠೆಯಿಂದ ಇಡುವ ಆಟವನ್ನು ನಮ್ಮ ಹುಡುಗರಲ್ಲಿ ಯಾರಾದರೂ ಕಟ್ಟಿದರೆ, ಅದನ್ನು ನಾನು ಭವಾವಳಿಯ ಪಕ್ಕದಲ್ಲಿಟ್ಟು ಪಾಠ ಹೇಳಲು ಹಿಂಜರಿಯಲಾರೆ.