ಕಾರಿನ ಗಾಜು ಒಡೆದ ಮೇಲೆ

ಈ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ತಪ್ಪು ಮಾಡಿದವರನ್ನು ಕ್ಷಮಿಸಿ ಎಂದು ದೇವಾಲಯದಲ್ಲಿ ಹೇಳುತ್ತೀರಿ. ಹಾಗಾದರೆ ಕಳ್ಳತನವಾದಾಗ ಪೊಲೀಸ್ ಠಾಣೆಗೆ ಹೋಗುವುದು ಸರಿಯೇ?

ಪ್ರಶ್ನೆ ಹುಟ್ಟಿದ್ದು ಎಲ್ಲಿಂದ ಎಂಬುದು ಹೊಸೂರಿನ ನಮ್ಮವರಿಗೆಲ್ಲ ಗೊತ್ತು. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತಿದ್ದಾಗ ಹೊರಗೆ ರಸ್ತೆಬದಿ ನಿಲ್ಲಿಸಿದ್ದ ಒಂದು ಕುಟುಂಬದ ಕಾರಿನ ಹಿಂಬದಿ ಗಾಜನ್ನು ಒಡೆದು ಬ್ಯಾಗು ಎತ್ತಿಕೊಂಡು ಹೋಗಿದ್ದಾರೆ. ಬ್ಯಾಗಿನಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ, ಎಟಿಎಂ ಕಾರ್ಡು, ಆರ್.ಸಿ., ಡ್ರೈವಿಂಗ್ ಲೈಸೆನ್ಸ್, ಮನೆಯ ಹಿರಿಯಮ್ಮನ ಕನ್ನಡಕ, ಬಿ.ಪಿ. ಮಾತ್ರೆ ಮತ್ತು ಜಪಸರ ಇದ್ದವು. ಹಣಕ್ಕಿಂತ ಕನ್ನಡಕದ ಬಗ್ಗೆಯೇ ಆಕೆ ಹೆಚ್ಚು ಪೇಚಾಡಿಕೊಂಡರು ಎಂದು ಮನೆಯವರು ಹೇಳುತ್ತಾರೆ. ಅದು ಇಲ್ಲದೆ ಬೈಬಲ್ ಓದಲಾಗುವುದಿಲ್ಲ.

ಮೊದಲು ವ್ಯವಹಾರದ ಮಾತು ಮುಗಿಸೋಣ. ಒಡೆದ ಕಾರನ್ನು ಮುಟ್ಟುವ ಮೊದಲು ಫೋಟೊ ತೆಗೆದಿಡಬೇಕು, ಬ್ಯಾಂಕಿಗೆ ಫೋನ್ ಮಾಡಿ ಕಾರ್ಡನ್ನು ನಿಲ್ಲಿಸಬೇಕು. ಆಮೇಲೆ ದೂರು. ನಮ್ಮ ತಮಿಳುನಾಡಿನ ಠಾಣೆಗಳಲ್ಲಿ ಕೈಗೆ ಸಿಗುವ ಸಿಎಸ್‌ಆರ್ ಚೀಟಿ ದೂರು ಕೊಟ್ಟದ್ದಕ್ಕೆ ರಸೀದಿ ಮಾತ್ರ. ಪ್ರಕರಣ ದಾಖಲಾದರೆ ಎಫ್‌ಐಆರ್ ಆಗುತ್ತದೆ, ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಘಟನೆ ಯಾವ ಠಾಣೆಯ ಎಲ್ಲೆಯಲ್ಲಿ ನಡೆದರೂ ಬೇರೆ ಠಾಣೆಯಲ್ಲಿ ಮಾಹಿತಿ ಕೊಡಬಹುದು. ದಿನವೂ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮವರಿಗೆ ಇದು ತಿಳಿದಿರಲಿ.

ವಿಮೆಯ ವಿಷಯದಲ್ಲಿ ಒಂದು ಮಾತು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಗಾಜಿಗೂ ಹಣ ಬರುವುದಿಲ್ಲ. ಪೂರ್ಣ ವಿಮೆ ಇದ್ದರೆ ಗಾಜಿಗೆ ಬರುತ್ತದೆ, ಒಳಗಿದ್ದ ಬ್ಯಾಗಿಗೆ ಸಾಮಾನ್ಯವಾಗಿ ಬರುವುದಿಲ್ಲ. ಈ ಕುಟುಂಬಕ್ಕೆ ಗ್ಯಾರೇಜಿನಲ್ಲಿ ಒಬ್ಬರು ಸಲಹೆ ಕೊಟ್ಟರಂತೆ: ಬಾಗಿಲಿನ ಮೇಲಿರುವ ಹಳೆಯ ನೆಗ್ಗನ್ನೂ ಇದರಲ್ಲೇ ಸೇರಿಸಿಬಿಡೋಣ, ಬ್ಯಾಗಿನ ನಷ್ಟ ತುಂಬಿಕೊಳ್ಳುತ್ತದೆ ಎಂದು. ಅವರು ಬೇಡವೆಂದರು. ಹೇಳಿದವರಿಗೆ ಅದು ಉಪಕಾರವಾಗಿಯೇ ಕಂಡಿರಬೇಕು. ನಷ್ಟ ಅನುಭವಿಸಿದವನಿಗೆ ಲೋಕವೇ ಬಾಕಿ ಇದೆ ಎಂದು ಅನ್ನಿಸುವುದು ಸಹಜ. ಆದರೆ ನಮ್ಮ ಮನೆಯಲ್ಲಿ ಕಳುವಾಯಿತೆಂದು ಏಳನೇ ಕಟ್ಟಳೆಯಿಂದ ನಮಗೆ ರಿಯಾಯಿತಿ ಸಿಗುವುದಿಲ್ಲ.

ಈಗ ಮೊದಲ ಪ್ರಶ್ನೆ. ದೂರು ಕೊಡುವುದು ಕ್ಷಮೆಗೆ ವಿರುದ್ಧವೆಂದು ನಮಗೆ ಅನ್ನಿಸುವುದಿಲ್ಲ. 1981ರ ಮೇ 13ರಂದು ಪೋಪ್ ಸಂತ ಎರಡನೇ ಜಾನ್ ಪಾಲರಿಗೆ ಗುಂಡು ಹಾರಿಸಿದವನನ್ನು ಅವರು ನಾಲ್ಕೇ ದಿನಗಳಲ್ಲಿ, ಆಸ್ಪತ್ರೆಯ ಹಾಸಿಗೆಯಿಂದಲೇ, ಕ್ಷಮಿಸಿದ್ದೇನೆಂದು ಸಾರಿದರು. ಆದರೂ ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. 1983ರ ಡಿಸೆಂಬರ್‌ನಲ್ಲಿ ಅವರು ಜೈಲಿಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತನಾಡಿದರು. ಇಟಲಿಯ ಸರ್ಕಾರ ಅವನಿಗೆ ಕ್ಷಮಾದಾನ ಕೊಟ್ಟದ್ದು 2000ದಲ್ಲಿ. ಕ್ಷಮೆ ತನ್ನ ಕೆಲಸವನ್ನು ಮಾಡಿತು, ನ್ಯಾಯಾಲಯ ತನ್ನದನ್ನು ಮಾಡಿತು. ದೂರು ಕೊಡುವುದರಿಂದ ನಾಳೆ ಅದೇ ರಸ್ತೆಯಲ್ಲಿ ಕಾರು ನಿಲ್ಲಿಸುವವರಿಗೂ ಉಪಕಾರವಾಗುತ್ತದೆ, ಕಳೆದ ಆರ್.ಸಿ.ಯನ್ನು ಯಾರಾದರೂ ದುರುಪಯೋಗ ಮಾಡಿದರೆ ರಕ್ಷಣೆಯೂ ಇರುತ್ತದೆ. ಠಾಣೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಬೇಕು, ಅಷ್ಟೇ. ಅವನ ಕೈ ಸೇದಿಹೋಗಲಿ, ಮನೆ ಹಾಳಾಗಲಿ ಎಂದು ಹಿಡಿ ಮಣ್ಣು ತೂರಿ ಶಪಿಸುವುದು ಬೇರೆ. ಕ್ಷಮಿಸುವವನು ಬಿಡಬೇಕಾದದ್ದು ಅದನ್ನು.

ಕಳೆದದ್ದು ಸಿಗಲೆಂದು ನಾವು ಸಂತ ಅಂತೋಣಿಯವರನ್ನು ಬೇಡುತ್ತೇವೆ. ಆ ಭಕ್ತಿ ಎಲ್ಲಿಂದ ಬಂತು ಎಂಬುದನ್ನು ಮಂಗಳವಾರದ ಪ್ರಾರ್ಥನೆಗೆ ತಪ್ಪದೆ ಬರುವವರೂ ಮರೆತಿರಬಹುದು. ಪರಂಪರೆಯ ಕಥೆ ಹೀಗಿದೆ: ಮಠಕ್ಕೆ ಹೊಸದಾಗಿ ಸೇರಿದ್ದ ಒಬ್ಬ ತರುಣ ಮಠ ಬಿಟ್ಟು ಹೋಗುವಾಗ ಅಂತೋಣಿಯವರ ಕೀರ್ತನೆಗಳ ಪುಸ್ತಕವನ್ನು ಎತ್ತಿಕೊಂಡು ಹೋದ. ಪುಸ್ತಕಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲ ಅದು. ಅವರು ಬೋಧನೆಗಾಗಿ ಬರೆದುಕೊಂಡ ಟಿಪ್ಪಣಿಗಳೂ ಅದರಲ್ಲೇ ಇದ್ದವು. ಅಂತೋಣಿಯವರು ಪ್ರಾರ್ಥಿಸಿದರು. ತರುಣ ಪುಸ್ತಕವನ್ನು ತಂದುಕೊಟ್ಟ, ತಾನೂ ಮಠಕ್ಕೆ ಮರಳಿದ. ನಾವು ಕಥೆಯ ಅರ್ಧವನ್ನು ಮಾತ್ರ ಹಿಡಿದುಕೊಂಡು ಬ್ಯಾಗಿಗಾಗಿ ಮೇಣದಬತ್ತಿ ಹಚ್ಚುತ್ತೇವೆ. ಕದ್ದವನೂ ಮರಳಿ ಬರಲಿ ಎಂದು ಬತ್ತಿ ಹಚ್ಚಿದವರು ನಮ್ಮಲ್ಲಿ ಎಷ್ಟು ಮಂದಿ?

ಇಷ್ಟಾದರೂ ನಮ್ಮನ್ನು ಈ ಲೇಖನಕ್ಕೆ ಹಚ್ಚಿದ ವಿಷಯ ಬ್ಯಾಗಿನದಲ್ಲ.

ಅಂದು ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತು ಶುರುವಾಯಿತು. ಯಾರೋ ಒಬ್ಬರು "ಈಗ ಹಿಂದಿ ಹುಡುಗರು ಜಾಸ್ತಿಯಾಗಿದ್ದಾರೆ" ಎಂದರು. ಇನ್ನೊಬ್ಬರು, ಬಲಿಪೂಜೆಗೆ ಬಂದು ಹಿಂದೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಲ್ಲುವ ಒಬ್ಬ ಯುವಕನನ್ನು ನೆನಪಿಸಿದರು. ಮೂರನೆಯವರು ಹಬ್ಬದ ದಿನದ ಫೋಟೊ ಒಂದರಲ್ಲಿ ಅವನ ಮುಖಕ್ಕೆ ಕೆಂಪು ಸುತ್ತು ಹಾಕಿ ಕಳುಹಿಸಿದರು. ಅವನು ಜಾರ್ಖಂಡಿನಿಂದ ಬಂದು ಸಿಪ್‌ಕಾಟ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ನಮ್ಮಂತೆಯೇ ಸ್ನಾನದೀಕ್ಷೆ ಪಡೆದವನು. ಕನ್ನಡವೂ ತಮಿಳೂ ಬರುವುದಿಲ್ಲವಾದ್ದರಿಂದ ಮುಂದೆ ಬಂದು ಕೂರಲು ಸಂಕೋಚ. ಸ್ವಾಮಿಯವರು ಹೇಳಿದ ಮೇಲೆ ಫೋಟೊ ಅಳಿಸಿದರು. ಅಷ್ಟರಲ್ಲಿ ಅದು ಬೇರೆ ಅನ್ಬಿಯಂಗಳ ಗುಂಪಿಗೂ, ಪಕ್ಕದ ಧರ್ಮಕೇಂದ್ರಕ್ಕೂ ಹೋಗಿಯಾಗಿತ್ತು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಕಂಡದ್ದು ಹೆಲ್ಮೆಟ್ ಹಾಕಿದ ಇಬ್ಬರು, ಒಂದು ಬೈಕು. ಆ ಯುವಕನಿಗೆ ಬೈಕಿಲ್ಲ. ಕಳೆದ ಮೂರು ಭಾನುವಾರ ಅವನು ಬಂದಿಲ್ಲ.

ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ಕಾವೇರಿ ಗಲಾಟೆಯ ಕಾಲದಲ್ಲಿ, 1991ರಲ್ಲಿ ಮತ್ತೆ 2016ರ ಸೆಪ್ಟೆಂಬರ್‌ನಲ್ಲಿ, ವಾಹನದ ನಂಬರ್ ಪ್ಲೇಟೇ ಅಪರಾಧವಾಗಿತ್ತು. ಮನೆಯಲ್ಲಿ ಕನ್ನಡ ಮಾತನಾಡಿ, ಟಿಎನ್ 70 ನಂಬರಿನ ಕಾರನ್ನು ಅತ್ತಿಬೆಲೆಯ ಆಚೆ ಒಯ್ಯಲು ಹೆದರಿದವರು ನಾವು. ಬಸ್ಸು ನಿಂತಾಗ ಮಕ್ಕಳನ್ನು ಕರೆದುಕೊಂಡು, ಗಂಟುಮೂಟೆ ಹೊತ್ತು ಗಡಿಯನ್ನು ನಡೆದು ದಾಟಿದವರೂ ಇದ್ದಾರೆ. ಯಾರೋ ಮಾಡಿದ್ದಕ್ಕೆ ನಮ್ಮ ಮುಖವನ್ನು ದಿಟ್ಟಿಸಿ ನೋಡಿದರೆ ಹೇಗಿರುತ್ತದೆ ಎಂದು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಶಂಕೆ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೂ ದೂರ ಹುಡುಕಬೇಕಿಲ್ಲ. 2018ರ ಫೆಬ್ರವರಿಯಲ್ಲಿ ಕೇರಳದ ಅಟ್ಟಪ್ಪಾಡಿಯಲ್ಲಿ ಮಧು ಎಂಬ ಆದಿವಾಸಿ ಯುವಕನನ್ನು ಅಕ್ಕಿ ಕದ್ದನೆಂದು ಹಿಡಿದು, ಕೈ ಕಟ್ಟಿ ಹೊಡೆದರು. ಅವನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಅವನು ಅಂದೇ ತೀರಿಕೊಂಡ. 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ 14 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಅವರೂ ಅಂಗಡಿ, ಮನೆ, ಮಕ್ಕಳು ಎಂದು ಬಾಳುತ್ತಿದ್ದ ಸಾಮಾನ್ಯ ಜನರೇ.

ಹಾಗಾದರೆ ಎಚ್ಚರಿಕೆಯೇ ಬೇಡವೇ, ಎಲ್ಲರನ್ನೂ ನಂಬಿ ಕೂರಬೇಕೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಂತ ತೋಮಸ್ ಅಕ್ವಿನಾಸರು ಇದನ್ನು ಏಳು ಶತಮಾನಗಳ ಹಿಂದೆಯೇ ಬಿಡಿಸಿ ಹೇಳಿದ್ದಾರೆ. ಕೇಡನ್ನು ತಡೆಯುವ ಉಪಾಯ ಮಾಡುವಾಗ ಕೆಟ್ಟದ್ದು ನಡೆದೀತೆಂದೇ ಎಣಿಸಿ ಸಿದ್ಧವಾಗಬಹುದು. ಆದರೆ ಒಬ್ಬ ಮನುಷ್ಯನ ಬಗ್ಗೆ ತೀರ್ಪು ಮಾಡುವಾಗ, ಖಚಿತ ಆಧಾರವಿಲ್ಲದಿದ್ದರೆ, ಒಳ್ಳೆಯದನ್ನೇ ಎಣಿಸಬೇಕು. ಕೆಟ್ಟವನನ್ನು ಒಳ್ಳೆಯವನೆಂದು ತಿಳಿದು ಹಲವು ಸಲ ಮೋಸಹೋದರೂ ಚಿಂತೆಯಿಲ್ಲ, ಒಳ್ಳೆಯವನನ್ನು ಕೆಟ್ಟವನೆಂದು ಒಮ್ಮೆ ತಿಳಿಯುವುದಕ್ಕಿಂತ ಅದು ಮೇಲು ಎಂಬುದು ಅವರ ವಾದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಊರೆಲ್ಲ ಕಳ್ಳರೇ ಎಂಬಂತೆ ಕಾರಿಗೆ ಬೀಗ ಹಾಕಿ, ಸೀಟಿನ ಮೇಲೆ ಬ್ಯಾಗು ಬಿಡಬೇಡಿ, ರಸ್ತೆಗೆ ದೀಪ ಹಾಕಿಸಿ, ಪ್ರಾರ್ಥನೆಯ ಹೊತ್ತಿನಲ್ಲಿ ಸರದಿಯಂತೆ ಇಬ್ಬರು ಹೊರಗೆ ನಿಲ್ಲಲಿ. ಬೀಗ ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಫೋಟೊಗೆ ಹಾಕಿದ ಕೆಂಪು ಸುತ್ತು ಹೊರಿಸುತ್ತದೆ.

ಆಧಾರವಿಲ್ಲದೆ ನೆರೆಯವನ ಮೇಲೆ ತಪ್ಪು ಹೊರಿಸಿ ಎಣಿಸುವುದು ಎಂಟನೇ ಕಟ್ಟಳೆಗೆ ವಿರುದ್ಧವೆಂದು ಧರ್ಮಸಭೆಯ ಧರ್ಮೋಪದೇಶ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಹೀಗೆ ಕೆಡಿಸಿದ ಹೆಸರನ್ನು ಸರಿಪಡಿಸುವುದು ಕರ್ತವ್ಯ, ಪಾಪಕ್ಕೆ ಕ್ಷಮೆ ಸಿಕ್ಕ ಮೇಲೂ ಆ ಕರ್ತವ್ಯ ಉಳಿಯುತ್ತದೆ ಎನ್ನುತ್ತದೆ. ಬ್ಯಾಗು ಕದ್ದವನಿಗೆ ದಾರಿ ಸುಲಭ. ಜಕ್ಕಾಯನಂತೆ ನಾಲ್ಕರಷ್ಟು ಕೊಡಲಾಗದಿದ್ದರೂ, ಪಾಪನಿವೇದನೆಗೆ ಬಂದು ಗುರುಗಳ ಕೈಯಲ್ಲಿ ಗುಟ್ಟಾಗಿ ಹಿಂದಿರುಗಿಸಬಹುದು. ಪಾಪನಿವೇದನೆಯ ಮುದ್ರೆಯನ್ನು ಗುರುಗಳು ಪ್ರಾಣ ಹೋದರೂ ಒಡೆಯುವಂತಿಲ್ಲ. ಹೆಸರು ಕೆಡಿಸಿದವನಿಗೆ ಆ ಗುಟ್ಟಿನ ದಾರಿಯಿಲ್ಲ. ಕೆಟ್ಟ ಮಾತು ಯಾವ ಕಿವಿಗಳನ್ನು ತಲುಪಿತೋ ಅದೇ ಕಿವಿಗಳಿಗೆ ಸರಿಯಾದ ಮಾತೂ ತಲುಪಬೇಕು. ಫೋಟೊ ಅಳಿಸಿದ್ದು ಒಳ್ಳೆಯದೇ, ಆದರೆ ಅದು ಬಾಗಿಲು ಮುಚ್ಚಿದಂತೆ ಮಾತ್ರ. ಹೊರಗೆ ಹೋದ ಮಾತು ಇನ್ನೂ ಹೊರಗೇ ಇದೆ.

ಮುಂದಿನ ಭಾನುವಾರ ಎರಡನೇ ಬಲಿಪೂಜೆಯ ನಂತರ, ಹಿಂದಿ ಬಲ್ಲ ಒಬ್ಬ ಸಿಸ್ಟರ್ ಮತ್ತು ನಮ್ಮ ಅನ್ಬಿಯಂನ ಇಬ್ಬರು ಆ ಯುವಕ ಇರುವ ಕೋಣೆಗೆ ಹೋಗಿ ಬರಲಿದ್ದಾರೆ. ಪಾಳಿ ಬದಲಾಗಿದ್ದರಿಂದ ಬಂದಿಲ್ಲವೋ, ಯಾರಾದರೂ ಅವನಿಗೆ ಹೇಳಿದರೋ ಗೊತ್ತಿಲ್ಲ. ಹಿರಿಯಮ್ಮನೂ ಬರುತ್ತೇನೆಂದಿದ್ದಾರೆ. ಕಾರಿನ ಗಾಜು ಹಾಕಿಸಿಯಾಗಿದೆ, ಕನ್ನಡಕವೂ ಹೊಸದು ಬಂದಿದೆ. ಗುಂಪಿನಲ್ಲಿ ಹಾಕಬೇಕಾದ ಮಾತನ್ನು ಮಾತ್ರ ಇದುವರೆಗೆ ಯಾರೂ ಬರೆದಿಲ್ಲ. ಫೋಟೊ ಕಳುಹಿಸಿದವರೇ ಅದನ್ನು ಬರೆಯುವುದು ಸರಿ ಎಂದು ನಮ್ಮ ಅಭಿಪ್ರಾಯ, ಅದೂ ಆ ಮೂವರು ಕೋಣೆಗೆ ಹೊರಡುವ ಮೊದಲು.