ಯಾವ ಊರಿನ ಸೂರ್ಯಾಸ್ತ?

ಬ್ಯಾಂಕಾಕಿನಿಂದ ಯಾಂಗೋನಿಗೆ ನೇರ ಗೆರೆ ಎಳೆದರೆ ಸುಮಾರು 580 ಕಿಲೋಮೀಟರ್. ವಿಮಾನಕ್ಕೆ ಒಂದೂಕಾಲು ಗಂಟೆಯ ದಾರಿ. ಟಿಕೆಟ್ಟಿನಲ್ಲಿ ಮಾತ್ರ 5.15ಕ್ಕೆ ಹೊರಟು 6ಕ್ಕೆ ಇಳಿಯುತ್ತೀರಿ ಎಂದಿತ್ತು. ಮ್ಯಾನ್ಮಾರಿನ ಗಡಿಯಾರ ಥಾಯ್ಲೆಂಡಿನದಕ್ಕಿಂತ ಅರ್ಧ ಗಂಟೆ ಹಿಂದೆ, ಅಷ್ಟೇ ಗುಟ್ಟು. ಬೇರೆಯವರಿಗೆ ಇದು ವಾಚಿನ ಮುಳ್ಳು ತಿರುಗಿಸುವ ಕೆಲಸ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರಾದ ನಮಗೆ ಊಟದ ಪ್ರಶ್ನೆ.

ಮೂಡುಬಿದಿರೆಯ ನಮ್ಮ ಮನೆಯಲ್ಲಿ ಅಜ್ಜಿ ಇದಕ್ಕೆ ಕೊಡುತ್ತಿದ್ದ ಕಾರಣ ಸರಳ: ದೀಪಕ್ಕೆ ಹುಳ ಬರುತ್ತದೆ, ಹುಳ ಅನ್ನಕ್ಕೆ ಬೀಳುತ್ತದೆ. ಕಟ್ಟುನಿಟ್ಟಿನವರು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಇರುವಾಗಲೇ ಕೈತೊಳೆದುಬಿಡುತ್ತಾರೆ. ನಾನೂ ನನ್ನ ಹೆಂಡತಿಯೂ ಅಷ್ಟು ಗಟ್ಟಿಯಲ್ಲ. ಸೂರ್ಯ ಕಾಣುತ್ತಿದ್ದರೆ ಸಾಕು ಎನ್ನುವವರು.

ಡಿಸೆಂಬರ್ ತಿಂಗಳು. ಊಟದ ತಟ್ಟೆ ಬಂದಾಗ ಕಿಟಕಿಯಲ್ಲಿ ಸೂರ್ಯ ಇನ್ನೂ ಇದ್ದ, ಕುಂಕುಮದ ಬಣ್ಣಕ್ಕೆ ತಿರುಗಿ ರೆಕ್ಕೆಯ ತುದಿಗೆ ತಾಗಿಕೊಂಡಂತೆ. ನಾನು ಅನ್ನದ ಡಬ್ಬಿಯ ಹಾಳೆ ಬಿಡಿಸಿದೆ. ಅವಳು ಕೆಳಗೆ ಬಗ್ಗಿ ನೋಡಿ, "ಅಲ್ಲಿ ದೀಪ ಹಚ್ಚಿದ್ದಾರೆ ನೋಡಿ. ಅವರಿಗೆಲ್ಲ ರಾತ್ರಿಯಾದರೆ ನಮಗೆ ಮಾತ್ರ ಹಗಲೇ?" ಎಂದಳು.

ಎದುರು ಸಾಲಿನಲ್ಲಿದ್ದ ಬೌದ್ಧ ಭಿಕ್ಷುವಿಗೆ ಈ ತೊಡಕೇ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಮರುದಿನದ ಅರುಣೋದಯದವರೆಗೆ ಅವರು ಉಣ್ಣುವಂತಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟರು. ಅವರ ತಕರಾರೇನಿದ್ದರೂ ಹಗಲಿನದು: ಬ್ಯಾಂಕಾಕಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ ಹನ್ನೆರಡು ದಾಟಿದ ಮೇಲೆ.

ನಾನು ಗಣಿತ ಹೇಳಿಕೊಟ್ಟವನು, ವಾದ ಬಿಡುವವನಲ್ಲ. ತತ್ತ್ವಾರ್ಥ ಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಹೇಳುವುದು ಇದನ್ನೇ: ಹಗಲು, ರಾತ್ರಿ, ಘಳಿಗೆ ಎಂಬ ವಿಭಾಗಗಳೆಲ್ಲ ಸೂರ್ಯಚಂದ್ರಾದಿ ಜ್ಯೋತಿಷ್ಕರ ಚಲನೆಯಿಂದ ಆದವು. ಮನುಷ್ಯಲೋಕದ ಆಚೆ ಅವರು ಚಲಿಸುವುದಿಲ್ಲ, ಹಾಗಾಗಿ ಅಲ್ಲಿ ಹಗಲುರಾತ್ರಿಯ ಲೆಕ್ಕವೂ ಇಲ್ಲ. ನಿಶ್ಚಯಕಾಲ, ಎಂದರೆ ಈ ವಿಭಾಗಗಳಿಗೆ ಒಳಪಡದ ಮೂಲ ಕಾಲ, ಬೇರೆ; ಅದಕ್ಕೆ ಊಟದ ಹೊತ್ತಿನ ಗೊಡವೆಯಿಲ್ಲ. ಅಂದ ಮೇಲೆ ವ್ರತಕ್ಕೆ ಲೆಕ್ಕ ನನ್ನ ದೇಹ ಇರುವ ಕಡೆಯ ಸೂರ್ಯ. ದೇಹ ಇರುವುದು ಹತ್ತು ಕಿಲೋಮೀಟರ್ ಮೇಲೆ. ಇನ್ನು ಹುಳದ ಮಾತು: ಮುಚ್ಚಿದ ಡಬ್ಬಿಯ ಅನ್ನ, ಮುಚ್ಚಿದ ವಿಮಾನ.

ಅವಳು ಕೇಳಿದ್ದು ಒಂದೇ ಮಾತು. "ಸೂರ್ಯ ಚಲಿಸಿದರೆ ಕಾಲ ಅಂತ ಸೂತ್ರದಲ್ಲಿದೆ, ಸರಿ. ನೀವೇ ಸೂರ್ಯನ ಹಿಂದೆ ಓಡಿದರೆ?"

ಇದು ತಮಾಷೆಯ ಪ್ರಶ್ನೆಯಲ್ಲ. ಆ ಅಕ್ಷಾಂಶದಲ್ಲಿ ಭೂಮಿಯ ಮೈ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ. ಅಷ್ಟೇ ವೇಗದಲ್ಲಿ ಪಶ್ಚಿಮಕ್ಕೆ ಹಾರುವ ವಿಮಾನವಿದ್ದರೆ ಹೊತ್ತು ಮುಳುಗುವುದೇ ಇಲ್ಲ. ಇಡೀ ದಿನ ಬಾಯಾಡಿಸುತ್ತಲೇ ಇದ್ದು ರಾತ್ರಿ ಉಣ್ಣದವನೆಂದು ಬಸದಿಯಲ್ಲಿ ಹೇಳಿಕೊಳ್ಳಬಹುದು! ನಾಲಿಗೆಗೆ ಕಡಿವಾಣ ಹಾಕಲೆಂದು ಹುಟ್ಟಿದ ನಿಯಮವನ್ನು ಇಂಧನ ಸುಟ್ಟು ಗೆಲ್ಲುವುದು ವ್ರತವಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ನಾನು ಊಟಕ್ಕಾಗಿ ಪಶ್ಚಿಮಕ್ಕೆ ಹೊರಟವನಲ್ಲ. ಯಾಂಗೋನ್ ಇರುವುದೇ ಆ ಕಡೆ. ದಾರಿಯಲ್ಲಿ ಸಿಕ್ಕ ಹಗಲು ಕದ್ದದ್ದಾಗುವುದಿಲ್ಲ. ಉಂಡೆ. ಅವಳು ಉಣ್ಣಲಿಲ್ಲ.

ಬರುವಾಗಲೂ ಸಂಜೆಯ ವಿಮಾನ, ಪೂರ್ವದ ದಿಕ್ಕು. ಡಿಸೆಂಬರಿನಲ್ಲಿ ಬ್ಯಾಂಕಾಕಿನ ಸೂರ್ಯ ಯಾಂಗೋನಿನವನಿಗಿಂತ ಹತ್ತು ಹನ್ನೆರಡು ನಿಮಿಷ ಮೊದಲೇ ಮುಳುಗುತ್ತಾನೆ. ನನ್ನ ವಾದದ ಪ್ರಕಾರ ನಷ್ಟವೂ ನನ್ನದೇ. ಅವಳು ಯಾಂಗೋನಿನ ನಿಲ್ದಾಣದಲ್ಲೇ ಉಂಡು ಮುಗಿಸಿದ್ದಳು. ವಿಮಾನದಲ್ಲಿ ನನ್ನ ಪಾಲಿನ ತಟ್ಟೆ ಬರುವಷ್ಟರಲ್ಲಿ ಕಿಟಕಿ ಕಪ್ಪಾಗಿತ್ತು. ಹಾಗೇ ವಾಪಸು ಕೊಟ್ಟೆ.